ಫೌಂಡ್ರಿ ಬಿಟ್ಟು ಕನ್ಸಲ್ಟಂಟ್ ಆದೆ. ಒಂದೇ ಕೆಲಸ ಹಿಡಿಯಲಾ, ಕರೆದಲ್ಲಿಗೆಲ್ಲಾ ಹೋಗಲಾ?

ಉದ್ಯಮಬಾಗ್ ಹುಡುಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಮೆಕ್ಯಾನಿಕಲ್. ಆಮೇಲೆ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಬ್ಲೋಹೋಲ್ (ಗಾಳಿಗುಳ್ಳೆ), ಶ್ರಿಂಕೇಜ್, ಸ್ಯಾಂಡ್ ಇನ್‌ಕ್ಲೂಷನ್, ಬೆಳಗಾದರೆ ಈ ಎರಕದ ದೋಷಗಳೇ. ಒಂದು ಕಾಸ್ಟಿಂಗ್ ಯಾಕೆ ರಿಜೆಕ್ಟ್ ಆಯ್ತು ಅಂತ ಹುಡುಕುವುದು ನನಗೆ ನಿಜವಾಗಿಯೂ ಇಷ್ಟ. ಹೋದ ವರ್ಷ ಕೆಲಸ ಬಿಟ್ಟು ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡಿದೆ.

ಮೊದಲ ಪಾರ್ಟಿ ಕರೆದದ್ದು ರಿಜೆಕ್ಷನ್ ಇಳಿಸಿಕೊಡಿ ಅಂತಲೇ. ಆ ಕೆಲಸ ಮುಗಿಯುವ ಹೊತ್ತಿಗೆ "ಐಎಸ್‌ಒ ಆಡಿಟ್ ಬಂತು, ಪೇಪರೆಲ್ಲಾ ನೀವೇ ಸರಿ ಮಾಡಿಬಿಡಿ" ಎಂದರು. ಮಾಡಿದೆ. ಆಮೇಲೆ ಜೆಡ್, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಗುಣಮಟ್ಟದ ಸರ್ಟಿಫಿಕೇಟ್. ಅವರ ಷಡ್ಡಕರದು ಮಚ್ಛೆಯಲ್ಲಿ ಮಷೀನ್ ಶಾಪ್, ಅವರಿಗೆ ಬ್ಯಾಂಕಿಗೆ ಕೊಡಲು ಪ್ರಾಜೆಕ್ಟ್ ರಿಪೋರ್ಟ್. ಈಗ ಇನ್ನೊಬ್ಬರು ಮಾಲಿನ್ಯ ಮಂಡಳಿಯ ಫೈಲ್ ಹಿಡಿದುಕೊಂಡು ಬಂದಿದ್ದಾರೆ. ದುಡ್ಡು ಬರುತ್ತಿದೆ. ಆದರೆ ಫರ್ನೇಸ್ ಹತ್ತಿರ ನಿಲ್ಲುವುದೇ ಅಪರೂಪವಾಗಿದೆ.

ಅಪ್ಪ ಹೇಳುತ್ತಾರೆ, ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೆಯಬೇಡ ಅಂತ. ಪುಣೆಯಲ್ಲಿರುವ ಗೆಳೆಯ ಹೇಳುತ್ತಾನೆ, ಕಾಸ್ಟಿಂಗ್ ಡಿಫೆಕ್ಟ್ ಒಂದನ್ನೇ ಹಿಡಿ, ಉಳಿದದ್ದೆಲ್ಲಾ ಬಿಟ್ಟುಬಿಡು ಅಂತ. ನಮ್ಮ ಭಾಗದಲ್ಲೇ ಈ ದಾರಿಯಲ್ಲಿ ನಡೆದವರು ಏನಂತೀರಿ?


ಚನ್ನಮ್ಮ ಸರ್ಕಲ್

ಮೊದಲು ಹೊಟ್ಟೆ, ಆಮೇಲೆ ಸ್ಪೆಷಲಿಸ್ಟ್. ಬಂದದ್ದೆಲ್ಲಾ ತಗೊಳ್ಳಿ. ಮದುವೆ ಆಗಿದೆಯಾ?


ಉದ್ಯಮಬಾಗ್ ಹುಡುಗ, ಬೆಳಗಾವಿ

ಹುಡುಗಿ ನೋಡುತ್ತಿದ್ದಾರೆ ರೀ. ಅದಕ್ಕೇ ಅಪ್ಪನಿಗೆ ಅವಸರ :)


ಎರಕದ ಕಾಕಾ, ಬೆಳಗಾವಿ

ತಮ್ಮಾ, ನಾನು ಕನ್ಸಲ್ಟಂಟ್ ಅಲ್ಲ. ಕನ್ಸಲ್ಟಂಟರಿಗೆ ದುಡ್ಡು ಕೊಡುವವನು. ಸಣ್ಣ ಫೌಂಡ್ರಿ ನಡೆಸುತ್ತೇನೆ. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಕೇಳು.

ಐಎಸ್‌ಒ ಪೇಪರ್ ಮಾಡಿಸಬೇಕಾದಾಗ ನಾನು ಮೂರು ಜನಕ್ಕೆ ಫೋನ್ ಮಾಡುತ್ತೇನೆ. ಯಾರು ಕಡಿಮೆ ಹೇಳುತ್ತಾರೋ ಅವರಿಗೆ ಕೊಡುತ್ತೇನೆ. ಮುಚ್ಚುಮರೆ ಏನಿಲ್ಲ. ಎಲ್ಲರೂ ಅದೇ ಫೈಲ್ ಕೊಡುತ್ತಾರೆ, ಕಂಪನಿ ಹೆಸರು ಬದಲಾಗಿರುತ್ತದೆ ಅಷ್ಟೇ. ಒಮ್ಮೆ ಇನ್ನೊಂದು ಕಂಪನಿಯ ಹೆಸರು ಹಾಗೇ ಉಳಿದಿದ್ದ ಮ್ಯಾನ್ಯುಯಲ್ಲೂ ಬಂದಿತ್ತು.

ಆದರೆ ಗಿರಾಕಿ ಲಾಟ್ ವಾಪಸ್ ಕಳಿಸಿದಾಗ ಲೆಕ್ಕವೇ ಬೇರೆ. ನಮ್ಮಲ್ಲಿ ಒಂದು ಎಸ್‌ಜಿ ಐರನ್ ಹೌಸಿಂಗ್ ಹೀಗೇ ವಾಪಸ್ ಬಂತು. ಈ ಕಬ್ಬಿಣದಲ್ಲಿ ಗ್ರಾಫೈಟ್ ಗುಂಡಗೆ ಬರಬೇಕು, ಅದಕ್ಕೇ ಮೆಗ್ನೀಸಿಯಂ ಹಾಕುವುದು. ಹಾಗೆ ಬಂದಿಲ್ಲ ಅಂತ ರಿಪೋರ್ಟ್. ಅದೂ ಎಲ್ಲಾ ಪೀಸ್ ಅಲ್ಲ, ಕೆಲವು ಮಾತ್ರ. ನಮ್ಮ ಹುಡುಗರು ಮೆಗ್ನೀಸಿಯಂ ಜಾಸ್ತಿ ಹಾಕಿ ನೋಡಿದರು, ಮರಳು ಬದಲಿಸಿದರು, ಸ್ಕ್ರ್ಯಾಪ್ ಕೊಟ್ಟವನ ಜೊತೆ ಜಗಳ ಆಡಿದರು. ಕೊನೆಗೆ ಕೊಲ್ಲಾಪುರದಿಂದ ಒಬ್ಬರನ್ನು ಕರೆಸಿದೆ. ಅವರು ಮಾಡುವುದು ಎಸ್‌ಜಿ ಐರನ್ ಒಂದೇ. ಬಂದವರು ಆಫೀಸಿಗೇ ಬರಲಿಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಕರಗಿದ ಲೋಹ ಒಯ್ಯುವ ಲ್ಯಾಡಲ್ ಹಿಂದೆ ನಡೆದರು. ಮೆಗ್ನೀಸಿಯಂ ಟ್ರೀಟ್‌ಮೆಂಟ್ ಆದ ಲೋಹವನ್ನು ಹತ್ತು-ಹನ್ನೆರಡು ನಿಮಿಷದೊಳಗೆ ಸುರಿದು ಮುಗಿಸಬೇಕು, ಇಲ್ಲದಿದ್ದರೆ ಮೆಗ್ನೀಸಿಯಂ ಹಾರಿಹೋಗುತ್ತದೆ. ನಮಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಏನಂದರೆ, ನಮ್ಮ ಒಂದೇ ಕ್ರೇನ್ ಎರಡು ಲೈನಿಗೆ ಓಡಾಡುತ್ತಿತ್ತು. ಕೊನೆಯ ಅಚ್ಚಿನ ಬಾಕ್ಸ್‌ಗಳ ಸರದಿ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಕೆಡುತ್ತಿದ್ದದ್ದು ಆ ಬಾಕ್ಸ್‌ಗಳ ಪೀಸ್‌ಗಳೇ.

ಕ್ರೇನ್ ಹೊತ್ತು ಹೊಂದಿಸಿದೆವು, ಲ್ಯಾಡಲ್ ಸಣ್ಣದು ಮಾಡಿದೆವು, ಮುಗಿಯಿತು. ಅವರ ದಿನದ ಫೀ ಎಷ್ಟು ಅಂತ ನಾನು ಮೊದಲೇ ಕೇಳಿರಲಿಲ್ಲ. ಬಿಲ್ ಬಂದ ಮೇಲೆ ಚೌಕಾಸಿಯನ್ನೂ ಮಾಡಲಿಲ್ಲ. ಪೇಪರ್ ಮಾಡುವವರ ಹತ್ತಿರ ಐನೂರು ರೂಪಾಯಿಗೂ ಎಳೆದಾಡುವವನು ನಾನು.


ಉದ್ಯಮಬಾಗ್ ಹುಡುಗ, ಬೆಳಗಾವಿ

ಕಾಕಾ, ಇದನ್ನೇ ನಾನು ಮಾಡಬೇಕು ಅಂದುಕೊಂಡಿರುವುದು. ಆದರೆ ಅವರನ್ನು ನೀವು ವರ್ಷಕ್ಕೆ ಎಷ್ಟು ಸಲ ಕರೆಯುತ್ತೀರಿ?


ಎರಕದ ಕಾಕಾ, ಬೆಳಗಾವಿ

ಸರಿಯಾದ ಪ್ರಶ್ನೆ. ಆಮೇಲೆ ಒಂದು ಸಲವೂ ಕರೆದಿಲ್ಲ. ಕೆಲಸ ಚೆನ್ನಾಗಿ ಮಾಡಿಹೋದರಲ್ಲ.


ಒಂದೇ ನಂಬರ್, ಬಾಗಲಕೋಟೆ ನವನಗರ

ಅದೇ ನೋಡಿ ಮಾತು. ಎಲ್ಲರೂ ಸ್ಪೆಷಲಿಸ್ಟನ್ನು ಹೊಗಳುತ್ತಾರೆ, ತಿಂಗಳು ತಿಂಗಳು ದುಡ್ಡು ಕೊಡುವುದು ನನಗೆ.

ನಾನು ಬಾಗಲಕೋಟೆ, ಮುಧೋಳ, ಜಮಖಂಡಿ, ಇಳಕಲ್ ಕಡೆಯ ಸಣ್ಣ ಘಟಕಗಳನ್ನು ನೋಡಿಕೊಳ್ಳುತ್ತೇನೆ. ಫ್ಯಾಕ್ಟರಿ ಲೈಸೆನ್ಸ್, ಮಾಲಿನ್ಯ ಮಂಡಳಿಯ ಕನ್ಸೆಂಟ್, ಫೈರ್ ಎನ್‌ಒಸಿ, ಕರೆಂಟ್ ಲೋಡ್ ಹೆಚ್ಚಿಸುವುದು, ಬ್ಯಾಂಕಿಗೆ ರಿಪೋರ್ಟ್. ನಾನು ಯಾವುದರಲ್ಲೂ ಪಂಡಿತ ಅಲ್ಲ. ನಮ್ಮೂರ ಕಿರಾಣಿ ಅಂಗಡಿಯ ಹಾಗೆ, ಬೇಕಾದದ್ದು ಇಲ್ಲಿ ಇಲ್ಲದಿದ್ದರೆ ತರಿಸಿ ಕೊಡುತ್ತೇನೆ. ಮಾಲೀಕರಿಗೆ ಬೇಕಾದದ್ದು ಒಂದೇ ಫೋನ್ ನಂಬರ್. ಹತ್ತು ಆಫೀಸಿಗೆ ತಿರುಗುವುದು ಅವರಿಗೆ ಬೇಡ. ಅದಕ್ಕೇ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಮಳೆ ಬರಲಿ ಬಿಡಲಿ, ಬರುತ್ತದೆ.

ಒಂದು ಗೆರೆ ಮಾತ್ರ ಹಾಕಿಕೊಂಡಿದ್ದೇನೆ. ಸಹಿ ಹಾಕಲು ಅರ್ಹತೆ ಬೇಕಾದ ಕಡೆ ನಾನು ಸಹಿ ಹಾಕುವುದಿಲ್ಲ. ಬಾಯ್ಲರ್, ಸ್ಟ್ರಕ್ಚರಲ್ ಡ್ರಾಯಿಂಗ್, ಎಲೆಕ್ಟ್ರಿಕಲ್, ಇವಕ್ಕೆ ಲೈಸೆನ್ಸ್ ಇದ್ದವರು ಬೇಕು. ಅವರನ್ನು ಕರೆತರುವುದಷ್ಟೇ ನನ್ನ ಕೆಲಸ.


ಲೆಕ್ಕದ ಅಕ್ಕ, ವಿಜಯಪುರ

ನಾನು ಸಿಎ. ಫೌಂಡ್ರಿ ಗೊತ್ತಿಲ್ಲ. ಆದರೆ ಇಲ್ಲಿ ಎರಡು ಬೇರೆ ವಿಷಯ ಕಲಸುತ್ತಿದ್ದೀರಿ ಅನಿಸುತ್ತಿದೆ. ಒಂದನ್ನೇ ಹಿಡಿಯಬೇಕು ಅನ್ನುವುದು ಸರಿ. ಆದರೆ ಏನನ್ನು ಹಿಡಿಯಬೇಕು?

ನಮ್ಮ ವೃತ್ತಿಯ ಉದಾಹರಣೆ ಹೇಳುತ್ತೇನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2 ಕೋಟಿ ದಾಟಿದ ವಹಿವಾಟಿಗೆ ವರ್ಷದ ಕೊನೆಗೆ ಆಡಿಟ್ ಕಡ್ಡಾಯ ಅಂದರು, ಅದೇ 9ಸಿ ಫಾರಂ. ಆಗ ಎಷ್ಟೋ ಜನ "ಇನ್ನು ಮೇಲೆ ಜಿಎಸ್‌ಟಿ ಆಡಿಟ್ ಒಂದೇ ಮಾಡೋಣ" ಅಂತ ಹುಡುಗರನ್ನು ತಗೊಂಡರು, ಟೇಬಲ್ ಜಾಸ್ತಿ ಮಾಡಿದರು. ಆಮೇಲೆ ಮಿತಿ 5 ಕೋಟಿಗೆ ಏರಿತು. 2021ರ ಬಜೆಟ್‌ನಲ್ಲಿ ಆ ಕಡ್ಡಾಯವನ್ನೇ ತೆಗೆದರು, ವ್ಯಾಪಾರಿ ತಾನೇ ದೃಢೀಕರಿಸಿದರೆ ಸಾಕು ಅಂತ. ಒಂದು ತಿದ್ದುಪಡಿ, ಅಷ್ಟೇ. ಅವರಿಗೆ ಜಿಎಸ್‌ಟಿ ಗೊತ್ತಿರಲಿಲ್ಲ ಅಂತಲ್ಲ, ತುಂಬಾ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಹಿಡಿದದ್ದು ಒಂದು ಫಾರಂ.

ಜೆಡ್ ಕೂಡ ಹಾಗೇ ನೋಡಿ ತಮ್ಮಾ. 2022ರಲ್ಲಿ ಅದನ್ನು ಹೊಸದಾಗಿ ಶುರು ಮಾಡಿದಾಗ ಸರ್ಟಿಫಿಕೇಟ್ ಖರ್ಚಿನಲ್ಲಿ ಮೈಕ್ರೋ ಘಟಕಕ್ಕೆ ಶೇ 80, ಸ್ಮಾಲ್‌ಗೆ ಶೇ 60, ಮೀಡಿಯಂಗೆ ಶೇ 50 ಸಬ್ಸಿಡಿ ಇಟ್ಟರು. ಅದಕ್ಕೇ ಎಲ್ಲರೂ ಮಾಡಿಸುತ್ತಿದ್ದಾರೆ. ಸಬ್ಸಿಡಿ ನಿಂತರೆ ಎಷ್ಟು ಜನ ಕೇಳಿಕೊಂಡು ಬರುತ್ತಾರೆ?

ನಾನು ಹಿಡಿದದ್ದು ಒಣದ್ರಾಕ್ಷಿಯವರನ್ನು. ತೆರಿಗೆಯ ಯಾವುದೋ ಒಂದು ಕಲಂ ಅಲ್ಲ, ಒಂದು ಬಗೆಯ ಗಿರಾಕಿ. ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರರು, ಒಣಗಿಸುವ ಶೆಡ್ ಇಟ್ಟವರು, ಕೋಲ್ಡ್ ಸ್ಟೋರೇಜ್‌ನವರು, ವ್ಯಾಪಾರಿಗಳು. ಕಾಯಿ ಯಾವಾಗ ಕೊಯ್ಯುತ್ತಾರೆ, ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಶಿಯಂ ಕಾರ್ಬೋನೇಟಿಗೆ ಎಷ್ಟು ಖರ್ಚು, ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ತಿಂಗಳು ಕೂರುತ್ತದೆ, ತಾಸಗಾಂವ್, ಸಾಂಗಲಿ ಮಾರುಕಟ್ಟೆಯಿಂದ ದುಡ್ಡು ಯಾವಾಗ ಬರುತ್ತದೆ, ಇದೆಲ್ಲಾ ನನಗೆ ಗೊತ್ತು. ಹಾಗಾಗಿ ಲೋನ್ ಕಂತು ಯಾವ ತಿಂಗಳಿಗೆ ಇಟ್ಟರೆ ಅವರಿಗೆ ಕಷ್ಟ ಆಗುವುದಿಲ್ಲ ಅಂತ ಬ್ಯಾಂಕಿನವರಿಗೆ ಹೇಳಬಲ್ಲೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ "ರೈತನೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ" ಅಂತ ಸ್ಪಷ್ಟ ಮಾಡಿದಾಗ ಎಲ್ಲರೂ ಫೋನ್ ಮಾಡಿದ್ದು ನನಗೆ. ಯಾಕೆಂದರೆ ಅವರಲ್ಲಿ ಅರ್ಧ ಜನ ತಾವೇ ಬೆಳೆಯುತ್ತಾರೆ, ಬೇರೆಯವರ ಮಾಲನ್ನೂ ಕೊಂಡು ಮಾರುತ್ತಾರೆ. ಎಲ್ಲಿಯವರೆಗೆ ರೈತ, ಎಲ್ಲಿಂದ ವ್ಯಾಪಾರಿ? ಶೆಡ್ ನೋಡದೇ ಇದ್ದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.


ಚನ್ನಮ್ಮ ಸರ್ಕಲ್

ಅಕ್ಕಾ, ದ್ರಾಕ್ಷಿಗೆ ಆಲಿಕಲ್ಲು ಮಳೆ ಬಿದ್ದ ವರ್ಷ?


ಲೆಕ್ಕದ ಅಕ್ಕ, ವಿಜಯಪುರ

ಆ ವರ್ಷ ನನ್ನ ಫೀ ಕೂಡ ತಡವಾಗಿ ಬರುತ್ತದೆ. ಇಲ್ಲ ಅನ್ನುವುದಿಲ್ಲ. ಒಂದೇ ತರದ ಗಿರಾಕಿಯನ್ನು ಹಿಡಿದರೆ ಎಲ್ಲರಿಗೂ ಒಟ್ಟಿಗೆ ಕಷ್ಟ ಬರುತ್ತದೆ. ಅದಕ್ಕೇ ಊರಿನ ಎರಡು-ಮೂರು ಆಸ್ಪತ್ರೆ, ಒಂದು ಶಾಲೆಯ ಲೆಕ್ಕವನ್ನೂ ಬಿಟ್ಟಿಲ್ಲ. ಅವು ನನ್ನ ಬೋರ್ಡ್ ಮೇಲಿಲ್ಲ, ಲೆಡ್ಜರ್‌ನಲ್ಲಿವೆ.


ಮುಧೋಳ ರೋಡ್

ಅಕ್ಕ ಹೇಳಿದ್ದಕ್ಕೆ ಸಕ್ಕರೆ ಕಡೆಯಿಂದ ಒಂದು ಸೇರಿಸುತ್ತೇನೆ. ನಾನು ಡಿಸ್ಟಿಲರಿ ಕೆಲಸ ಮಾಡುವವನು. 2018ರಲ್ಲಿ ಕೇಂದ್ರ ಸರ್ಕಾರ ಎಥೆನಾಲ್ ಘಟಕಗಳ ಸಾಲಕ್ಕೆ ಬಡ್ಡಿ ಸಹಾಯ ಕೊಟ್ಟ ಮೇಲೆ ನಮ್ಮ ಭಾಗದಲ್ಲಿ ದೊಡ್ಡ ಓಟ ಶುರುವಾಯ್ತು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರಿಗೆ ಹಬ್ಬ. ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್, ಅದೊಂದೇ ನಮ್ಮ ಕೆಲಸ ಅನ್ನುವವರೂ ಹುಟ್ಟಿಕೊಂಡರು.

2023ರ ಡಿಸೆಂಬರ್ 7ರಂದು ಆದೇಶ ಬಂತು, ಆ ಸಾಲಿಗೆ ಕಬ್ಬಿನ ರಸ, ಸಿರಪ್ ಬಳಸಬೇಡಿ ಅಂತ. ಒಂದು ವಾರ ಕಳೆದ ಮೇಲೆ ಸ್ವಲ್ಪ ಸಡಿಲ ಮಾಡಿದರು, ಪೂರ್ತಿ ತೆಗೆದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಬರೀ ರಿಪೋರ್ಟ್ ಬರೆಯುತ್ತಿದ್ದವರ ಫೋನ್ ಸುಮ್ಮನಾಗಿತ್ತು. ಆದರೆ ಫರ್ಮೆಂಟೇಷನ್ ಗೊತ್ತಿದ್ದವರಿಗೆ ಕೆಲಸ ನಿಲ್ಲಲಿಲ್ಲ. ಯೀಸ್ಟ್‌ಗೆ ಕಬ್ಬು, ಜೋಳ ಅನ್ನುವ ಭೇದ ಎಲ್ಲಿದೆ? ಮೆಕ್ಕೆಜೋಳದಿಂದಲೂ ಮಾಡಬೇಕು, ಅದಕ್ಕೆ ಕಾಳು ಪುಡಿ ಮಾಡುವ ಮಿಲ್ಲಿಂಗ್, ಪಿಷ್ಟ ಕರಗಿಸುವ ಲಿಕ್ವಿಫಿಕೇಷನ್ ಸೇರಿಸಬೇಕು ಅಂತ ಕಾರ್ಖಾನೆಯವರು ಅವರನ್ನೇ ಕರೆದರು.

ಇನ್ನೊಂದು ಮಾತು. ನಾನು ಬಾಗಲಕೋಟೆಯಲ್ಲಿ ಕೂತು ಬದುಕುತ್ತಿಲ್ಲ. ಸಾಂಗಲಿ, ಸೊಲ್ಲಾಪುರ, ಕೊಲ್ಲಾಪುರ ಎಲ್ಲಾ ಕಡೆ ಹೋಗುತ್ತೇನೆ. ಸೀಸನ್ ಇದ್ದಾಗ ಮನೆಯವರು ನನ್ನ ಮುಖ ನೋಡುವುದು ವಿಡಿಯೋ ಕಾಲ್‌ನಲ್ಲಿ. ಒಂದೇ ಕೆಲಸ ಹಿಡಿದವರಿಗೆ ಊರು ಸಾಲುವುದಿಲ್ಲ. ನವನಗರದ ಅಣ್ಣ ಸಂಜೆ ಆರಕ್ಕೆ ಮನೆಯಲ್ಲಿರುತ್ತಾರೆ, ಅದಕ್ಕೂ ಬೆಲೆ ಇದೆ. ಹುಡುಗಿ ನೋಡುವಾಗ ಇದನ್ನೂ ಹೇಳಿಬಿಡಿ.


ಟಿಳಕವಾಡಿಯಿಂದ

ನಾನು ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಯಲ್ಲಿದ್ದೇನೆ. ಬೆಂಗಳೂರು ಆಫೀಸ್, ಈಗ ಜಾಸ್ತಿ ದಿನ ಬೆಳಗಾವಿಯ ಮನೆಯಿಂದಲೇ ಕೆಲಸ. ಪುಣೆಯ ಗೆಳೆಯರು ಹೇಳಿದ್ದು ನಮ್ಮಂಥ ಕಡೆ ಸರಿ. ಇಲ್ಲಿ ಮೊದಲ ಕೆಲವು ವರ್ಷ ಸಿಕ್ಕಿದ ಪ್ರಾಜೆಕ್ಟ್ ಮಾಡುತ್ತೀರಿ, ಆಮೇಲೆ ಒಂದು ಉದ್ಯಮವನ್ನೋ ಒಂದು ವಿಷಯವನ್ನೋ ಹಿಡಿಯಲೇಬೇಕು. ಹಿಡಿಯದಿದ್ದರೆ ಮೇಲೆ ಹೋಗುವುದು ಕಷ್ಟ. ಆದರೆ ನಮಗೆ ಗಿರಾಕಿ ತರುವವರು ಬೇರೆ, ಬಿಲ್ ವಸೂಲಿ ಮಾಡುವವರು ಬೇರೆ. ಒಬ್ಬರೇ ಇರುವ ನಿಮಗೆ ಆ ಸೌಕರ್ಯ ಇಲ್ಲ. ಹಾಗಾಗಿ ದೊಡ್ಡ ಕಂಪನಿಯ ಬುದ್ಧಿಮಾತನ್ನು ಹಾಗೇ ತಂದು ಉದ್ಯಮಬಾಗ್‌ನಲ್ಲಿ ಹಾಕಬೇಡಿ.

ನನ್ನ ಪ್ರಶ್ನೆ ಇಷ್ಟೇ. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬರುವಷ್ಟು ದೂರದಲ್ಲಿ ನಿಮ್ಮ ಒಂದು ಕೆಲಸಕ್ಕೆ ದುಡ್ಡು ಕೊಡಬಲ್ಲವರು ಎಷ್ಟು ಜನ ಇದ್ದಾರೆ? ಆ ಪಟ್ಟಿ ಮಾಡಿದ್ದೀರಾ?


ಉದ್ಯಮಬಾಗ್ ಹುಡುಗ, ಬೆಳಗಾವಿ

ಮಾಡಿರಲಿಲ್ಲ ಮೇಡಂ. ನಿನ್ನೆ ರಾತ್ರಿ ಕೂತು ಬರೆದೆ. ಉದ್ಯಮಬಾಗ್, ಮಚ್ಛೆ, ದೇಸೂರು ಒಂದು ಕಡೆ. ಹುಬ್ಬಳ್ಳಿ ಒಂದು ಕಡೆ. ಹೈವೇ ಹಿಡಿದರೆ ಕೊಲ್ಲಾಪುರ ಸುಮಾರು 110 ಕಿ.ಮೀ., ಅಲ್ಲಿ ಶಿರೋಳಿ, ಗೋಕುಲ್ ಶಿರಗಾಂವ್, ಕಾಗಲ್. ಗ್ರೇ ಐರನ್ (ಮಾಮೂಲಿ ಎರಕದ ಕಬ್ಬಿಣ), ಎಸ್‌ಜಿ ಐರನ್ ಎರಡೂ ಸೇರಿಸಿದರೆ ನನ್ನ ಒಬ್ಬನ ಕೈಗೆ ಮುಗಿಯದಷ್ಟು ಫೌಂಡ್ರಿ ಇವೆ. ನಾನು ಬೆಳಗಾವಿ ಮಾತ್ರ ಲೆಕ್ಕ ಹಾಕುತ್ತಿದ್ದೆ.

ಇನ್ನೊಂದು ಭಯ ಇದೆ. ಎಲೆಕ್ಟ್ರಿಕ್ ಗಾಡಿ ಬಂದರೆ ಎರಕದ ಕೆಲಸವೇ ಕಡಿಮೆ ಆಗುತ್ತದೆ ಅಂತಾರಲ್ಲ?


ಹತ್ತರಗಿ ಹೈವೇ

ಹಾಗಿದ್ದರೆ ಏರೋಸ್ಪೇಸ್ ಕಡೆ ಬನ್ನಿ ಸರ್. ಹತ್ತರಗಿಯಲ್ಲಿ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಇದೆ. ಏರೋಸ್ಪೇಸ್‌ನವರ ಕ್ವಾಲಿಟಿ ಸ್ಟ್ಯಾಂಡರ್ಡ್ ಎಎಸ್ 9100 ಕಲಿತರೆ ಬೇಡಿಕೆ ಚೆನ್ನಾಗಿದೆ.


ಎರಕದ ಕಾಕಾ, ಬೆಳಗಾವಿ

ಅದು ಬೇರೆ ಲೋಕ ತಮ್ಮಾ. ಅಲ್ಲಿ ಫೋರ್ಜಿಂಗ್, ಮಷೀನಿಂಗ್, ಅಲ್ಯುಮಿನಿಯಂ, ಟೈಟಾನಿಯಂ. ಮರಳಿನ ಎರಕ ಬಲ್ಲವನು ಅಲ್ಲಿಗೆ ಹೋದರೆ ಮತ್ತೆ ಪೇಪರ್ ಕೆಲಸವೇ ಗತಿ. ಸ್ಟ್ಯಾಂಡರ್ಡ್ ಓದಿಕೊಂಡ ಮಾತ್ರಕ್ಕೆ ಕೈ ತಿರುಗುವುದಿಲ್ಲ.

ಎಲೆಕ್ಟ್ರಿಕ್ ಗಾಡಿ ವಿಷಯ. ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಇಷ್ಟನ್ನೇ ನಂಬಿದವರು ಯೋಚನೆ ಮಾಡಬೇಕು. ಆದರೆ ಬ್ರೇಕ್, ಆಕ್ಸಲ್ ಎಲ್ಲಿಗೆ ಹೋಗುತ್ತವೆ? ಪಂಪ್, ವಾಲ್ವ್, ಟ್ರ್ಯಾಕ್ಟರ್, ಹೈಡ್ರಾಲಿಕ್ಸ್ ಎಲ್ಲಿಗೆ ಹೋಗುತ್ತವೆ? ಬೆಳಗಾವಿ ಬರೀ ಕಾರಿನ ಎಂಜಿನ್ ಮೇಲೆ ನಿಂತ ಊರಲ್ಲ. ಬ್ಲೋಹೋಲ್‌ಗೆ ಯಾವ ಗಾಡಿಯ ಭಾಗ ಅನ್ನುವುದು ಗೊತ್ತಿರುವುದಿಲ್ಲ.


ಒಂದೇ ನಂಬರ್, ಬಾಗಲಕೋಟೆ ನವನಗರ

ಕಾಕಾ, ನೀವು ಒಂದು ಸಲ ಕರೆದು ಮರೆತುಬಿಟ್ಟಿರಿ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹುಡುಗ ಪ್ರತಿ ತಿಂಗಳು ಹೊಸ ಗಿರಾಕಿ ಹುಡುಕಬೇಕಾ?


ಲೆಕ್ಕದ ಅಕ್ಕ, ವಿಜಯಪುರ

ಹುಡುಕಬೇಕಾಗಿಲ್ಲ ಅಣ್ಣಾ. ಹೊಸಬರ ಮುಂದೆ ಒಂದೇ ಕೆಲಸದ ಹೆಸರು ಹೇಳಲಿ. ಒಳಗೆ ಹೋದ ಮೇಲೆ ಆ ಗಿರಾಕಿಗೆ ಏನು ಬೇಕೋ ಅದನ್ನು ನೋಡಲಿ. ಮಾಲೀಕರು ಒಮ್ಮೆ ನಂಬಿದರೆ ಸಾಕು, ಐಎಸ್‌ಒ, ಬ್ಯಾಂಕು, ಮಗನ ಅಡ್ಮಿಷನ್, ಎಲ್ಲದಕ್ಕೂ ನಿಮ್ಮನ್ನೇ ಕೇಳುತ್ತಾರೆ. ಆಗ ಕೆಲವನ್ನು ತಾನೇ ಮಾಡಬಹುದು, ಕೆಲವನ್ನು ನಿಮ್ಮಂಥವರಿಗೆ ಕಳಿಸಬಹುದು. ಆದರೆ "ಎಲ್ಲಾ ಮಾಡುತ್ತೇನೆ" ಅಂತ ಹೊಸ ಬಾಗಿಲು ತಟ್ಟಿದರೆ ಕಾಕಾ ಹೇಳಿದ ಹಾಗೆ ಮೂರು ಕೊಟೇಷನ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.


ಒಂದೇ ನಂಬರ್, ಬಾಗಲಕೋಟೆ ನವನಗರ

ಇದನ್ನು ಒಪ್ಪುತ್ತೇನೆ. ನನ್ನ ಹಳೇ ಗಿರಾಕಿಗಳೆಲ್ಲಾ ಬಂದದ್ದೂ ಒಂದೇ ಕೆಲಸದಿಂದ, ಕರೆಂಟ್ ಲೋಡ್. ಅದು ಬೇಗ ಮಾಡಿಸಿಕೊಡುತ್ತೇನೆ ಅಂತ ಹೆಸರಿತ್ತು. ಮತ್ತೆ, ಕೆಲಸ ಕಳಿಸಿದರೆ ಕಮಿಷನ್ ಲೆಕ್ಕ ಹೇಗೆ?


ಲೆಕ್ಕದ ಅಕ್ಕ, ವಿಜಯಪುರ

ನನ್ನ ಹತ್ತಿರ ಕೇಳಬೇಡಿ. ಸಿಎ ಫೀಯನ್ನು ಸಿಎ ಅಲ್ಲದವರ ಜೊತೆ ಹಂಚಿಕೊಳ್ಳುವ ಹಾಗಿಲ್ಲ, 1949ರ ನಮ್ಮ ಕಾಯ್ದೆಯಲ್ಲೇ ಇದೆ. ನಿಮಗೆ ಆ ಕಾಯ್ದೆ ಇಲ್ಲ, ಆದರೂ ತಗೊಳ್ಳಬೇಡಿ ಅಂತಲೇ ನನ್ನ ಮಾತು. ಕಮಿಷನ್ ತಗೊಂಡದ್ದು ಗಿರಾಕಿಗೆ ಗೊತ್ತಾಗದೇ ಇರುವುದಿಲ್ಲ. ಗೊತ್ತಾದ ದಿನದಿಂದ ನೀವು ಹೇಳಿದ ಪ್ರತಿ ಹೆಸರಿನ ಹಿಂದೆ ಎಷ್ಟು ಸಿಕ್ಕಿತು ಅಂತ ಲೆಕ್ಕ ಹಾಕುತ್ತಾರೆ.


ಚನ್ನಮ್ಮ ಸರ್ಕಲ್

ಎಲ್ಲರೂ ಧರ್ಮರಾಯರು ಇಲ್ಲಿ. ನಮ್ಮ ಕಡೆ ಪ್ಲಾಟ್ ತೋರಿಸಿದವನೂ ಎರಡೂ ಕಡೆ ತಗೊಳ್ಳುತ್ತಾನೆ.


ಉದ್ಯಮಬಾಗ್ ಹುಡುಗ, ಬೆಳಗಾವಿ

ಹೀಗೆ ಮಾಡೋಣ ಅಂದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. ಕಾರ್ಡ್ ಮೇಲೆ ಎರಕದ ದೋಷ ಮಾತ್ರ, ಗ್ರೇ ಐರನ್ ಮತ್ತು ಎಸ್‌ಜಿ ಐರನ್. ಈಗಿರುವ ಐಎಸ್‌ಒ ಗಿರಾಕಿಗಳನ್ನು ಅರ್ಧಕ್ಕೆ ಬಿಡುವುದಿಲ್ಲ. ಸರ್ಟಿಫಿಕೇಟ್ ಮೂರು ವರ್ಷದ್ದು, ನಡುವೆ ಪ್ರತಿ ವರ್ಷ ಸರ್ವೇಲೆನ್ಸ್ ಆಡಿಟ್. ಅವರ ಅವಧಿ ಮುಗಿಯುವವರೆಗೆ ನಾನೇ ನೋಡುತ್ತೇನೆ, ಹೊಸದು ತಗೊಳ್ಳುವುದಿಲ್ಲ. ಬ್ಯಾಂಕ್ ರಿಪೋರ್ಟ್, ಮಾಲಿನ್ಯ ಮಂಡಳಿ ಫೈಲ್ ಇವತ್ತಿನಿಂದಲೇ ಬೇರೆಯವರಿಗೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಎರಡು ಅನುಮಾನ. ಕೊಲ್ಲಾಪುರದಲ್ಲಿ ಬಿಲ್ ಮಾಡಿದರೆ ಜಿಎಸ್‌ಟಿ ನಂಬರ್ ಬೇಕೇ ಬೇಕಾ? ಮತ್ತೆ ಫೀ ಹೇಗೆ ಕೇಳುವುದು? ಒಬ್ಬರು "ರಿಜೆಕ್ಷನ್ ಇಳಿದಷ್ಟರಲ್ಲಿ ಪಾಲು ತಗೊಳ್ಳಿ" ಅನ್ನುತ್ತಿದ್ದಾರೆ.


ಲೆಕ್ಕದ ಅಕ್ಕ, ವಿಜಯಪುರ

ಬರೀ ಸೇವೆ ಕೊಡುವವರಾದರೆ, ಹೊರ ರಾಜ್ಯದ ಗಿರಾಕಿ ಇದ್ದರೂ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ದಾಟಿದರೆ ಮಾಡಿಸಿ, ಶೇ 18 ಹಾಕಿ. ಅವರು ಹೇಗೂ ಕ್ರೆಡಿಟ್ ತಗೊಳ್ಳುತ್ತಾರೆ, ಅದಕ್ಕೆ ಚೌಕಾಸಿ ಮಾಡಿದರೆ ಒಪ್ಪಬೇಡಿ.


ಎರಕದ ಕಾಕಾ, ಬೆಳಗಾವಿ

ಪಾಲು ಬೇಡ. ನಾನು ಮಾಲೀಕನಾಗಿ ಹೇಳುತ್ತೇನೆ, ಪಾಲು ಕೊಡುವ ದಿನ ನನಗೇ ಮನಸ್ಸು ಬರುವುದಿಲ್ಲ. ರಿಜೆಕ್ಷನ್ ಲೆಕ್ಕ ಹೇಗೆ ಹಿಡಿಯುವುದು? ನಮ್ಮಲ್ಲೇ ಒಡೆದು ಹಾಕಿದ್ದಾ, ಮಷೀನಿಂಗ್‌ನಲ್ಲಿ ಸಿಕ್ಕಿದ್ದಾ, ಗಿರಾಕಿ ವಾಪಸ್ ಕಳಿಸಿದ್ದಾ? ಪೀಸ್ ಲೆಕ್ಕವೋ, ತೂಕದ ಲೆಕ್ಕವೋ? ಜಗಳ ಅಲ್ಲೇ ಶುರು. ದಿನಕ್ಕೆ ಇಷ್ಟು ಅಂತ ಹೇಳು. ಓಡಾಟದ ಖರ್ಚು ಬೇರೆ. ಮೊದಲ ಭೇಟಿಯದ್ದು ಮುಂಗಡ ತಗೋ. ಮುಗಿದ ಮೇಲೆ ಎರಡೇ ಪುಟ ಬರೆದುಕೊಡು, ಏನು ಕಂಡೆ, ಏನು ಬದಲಿಸಬೇಕು ಅಂತ. ಬೈಂಡಿಂಗ್ ಮಾಡಿದ ರಿಪೋರ್ಟ್ ಯಾರೂ ಓದುವುದಿಲ್ಲ.

ಮತ್ತೆ, ವರ್ಷಕ್ಕೆ ನಾಲ್ಕು ಸಲ ಬಂದು ಸುಮ್ನೆ ಶಾಪ್‌ನಲ್ಲಿ ಒಂದು ದಿನ ಓಡಾಡಿ ಹೋಗುತ್ತೇನೆ ಅಂತ ಮೊದಲೇ ಮಾತು ಹಾಕು. ಕೊಲ್ಲಾಪುರದವರು ಅದನ್ನು ಕೇಳಿದ್ದರೆ ನಾನು ಒಪ್ಪುತ್ತಿದ್ದೆ. ಅವರು ಕೇಳಲಿಲ್ಲ. ನವನಗರದವರ ಪ್ರಶ್ನೆಗೂ ಉತ್ತರ ಇದೇ.

ಮರಾಠಿ ಬರುತ್ತದಾ?


ಉದ್ಯಮಬಾಗ್ ಹುಡುಗ, ಬೆಳಗಾವಿ

ಬರುತ್ತದೆ ಕಾಕಾ. ಬೆಳಗಾವಿಯವನಿಗೆ ಇದೇನು ಕೇಳುತ್ತೀರಿ.


ಎರಕದ ಕಾಕಾ, ಬೆಳಗಾವಿ

ಹಾಗಿದ್ದರೆ ಮೆಸೇಜ್ ಹಾಕು. ಶಿರೋಳಿಯಲ್ಲಿ ನನ್ನ ಪರಿಚಯದವರೊಬ್ಬರಿಗೆ ಪಂಪ್ ಕೇಸಿಂಗ್‌ನಲ್ಲಿ ಬ್ಲೋಹೋಲ್ ಕಾಟ. ಹೆಸರು ಹೇಳುತ್ತೇನೆ, ಕಮಿಷನ್ ಇಲ್ಲ. ಹೋಗುವ ಮುಂಚೆ ಮೂರು ತಿಂಗಳ ರಿಜೆಕ್ಷನ್ ಲೆಕ್ಕ ಮತ್ತು ಮರಳಿನ ತೇವದ ರೀಡಿಂಗ್ ತರಿಸಿಕೋ. ಕೊಡಲು ಹಿಂದೆ ಮುಂದೆ ನೋಡಿದರೆ ಗಾಡಿ ಹತ್ತಬೇಡ.